1 ಎಚ್‌ಪಿ ಹಾಕಿದರೆ 5 ಎಚ್‌ಪಿ ಬರುತ್ತಂತೆ, ಚಿಕ್ಕಪ್ಪ ದುಡ್ಡು ಕಟ್ಟೋಕೆ ಹೊರಟಿದ್ದಾರೆ. ತಿಳಿದವರು ಹೇಳಿ

ತೋಟದಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ವಿಷಯ.

ನಮ್ಮ ಚಿಕ್ಕಪ್ಪನದು ತರೀಕೆರೆ ಹತ್ತಿರ ಮೂರು ಎಕರೆ ಅಡಿಕೆ ತೋಟ. ಬೋರ್‌ಗೆ 5 ಎಚ್‌ಪಿ ಮೋಟರ್ ಇಳಿಸಿದ್ದಾರೆ. ಐಪಿ ಸೆಟ್ (ನೀರಾವರಿ ಪಂಪ್) ಆದ್ದರಿಂದ ಬಿಲ್ಲಿನ ಚಿಂತೆ ಇಲ್ಲ. ಆದರೆ ತ್ರೀ ಫೇಸ್ ಬರೋದೇ ದಿನಕ್ಕೆ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ ಪಾಳಿ. ಈ ಬೇಸಿಗೆಯಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಎರಡು ಸಲ ಸುಟ್ಟು ಹೋಯಿತು. ಒಂದು ಸಲವಂತೂ ಹನ್ನೊಂದು ದಿನ ತೋಟಕ್ಕೆ ಹನಿ ನೀರಿಲ್ಲ. ಎಳೆಕಾಯಿ ಉದುರಿ ಮರದ ಬುಡದಲ್ಲಿ ಬಿದ್ದಿದ್ದನ್ನು ನೋಡಿ ಚಿಕ್ಕಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇಂಥ ಹೊತ್ತಿನಲ್ಲಿ ಒಬ್ಬರು ಬಂದು 'ಫ್ರೀ ಎನರ್ಜಿ ಜನರೇಟರ್' ಬಗ್ಗೆ ಹೇಳಿದ್ದಾರೆ. 1 ಎಚ್‌ಪಿ ಮೋಟರ್, ಅದಕ್ಕೆ ಬೆಲ್ಟ್ ಹಾಕಿದ ಫ್ಲೈವೀಲ್ ಅನ್ನುವ ಭಾರದ ಚಕ್ರ, ಅದರಿಂದ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್. ಶುರು ಮಾಡಲು ಮಾತ್ರ ಮನೆ ಕರೆಂಟ್ ಬೇಕಂತೆ. ಆಮೇಲೆ ಪ್ಲಗ್ ಕಿತ್ತರೂ ತನಗೆ ಬೇಕಾದ ಕರೆಂಟನ್ನು ತಾನೇ ಮಾಡಿಕೊಂಡು ಓಡುತ್ತದೆ, ಜೊತೆಗೆ 5 ಎಚ್‌ಪಿ ಪಂಪನ್ನೂ ಓಡಿಸುತ್ತದೆ ಅನ್ನುತ್ತಾರೆ. ಬೆಲೆ 1,85,000 ರೂಪಾಯಿ. 10,000 ಅಡ್ವಾನ್ಸ್ ಕೊಟ್ಟೂ ಆಗಿದೆ.

ನಾನು ಬಿಕಾಂ ಓದಿದವನು. ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಆದರೆ ಏನು ಅಂತ ಬಿಡಿಸಿ ಹೇಳೋಕೆ ಬರುತ್ತಿಲ್ಲ. "ಬಲ್ಬು ಉರಿಯೋದನ್ನ ವಿಡಿಯೋದಲ್ಲಿ ಕಣ್ಣಾರೆ ನೋಡಿದ್ದೀನಲ್ಲೋ" ಅನ್ನುತ್ತಾರೆ ಚಿಕ್ಕಪ್ಪ. ಅವರು ದಡ್ಡರಲ್ಲ. ಮೂವತ್ತು ವರ್ಷ ತೋಟ ಮಾಡಿದವರು. ಬರುವ ಭಾನುವಾರ ಡೆಮೊ ಇದೆ, ನಾನೂ ಹೋಗುತ್ತೇನೆ. ಏನು ಕೇಳಬೇಕು, ಏನು ನೋಡಬೇಕು ಹೇಳಿ.

ವೈಂಡಿಂಗ್‌ಅಂಗಡಿ

ತಮ್ಮಾ, ಮಿಕ್ಕ ದುಡ್ಡು ಕಟ್ಟೋದನ್ನು ಮೊದಲು ನಿಲ್ಲಿಸು. ಆಮೇಲೆ ಮಾತಾಡೋಣ.

ನಾನು 22 ವರ್ಷದಿಂದ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದೇನೆ. ಈ ಮೆಷಿನ್ನನ್ನು ನಾನೂ ಒಂದು ಸಲ ಕಟ್ಟಿ ನೋಡಿದ್ದೇನೆ. ಆಗ ನನಗೆ ಇಪ್ಪತ್ತೈದು ವಯಸ್ಸು. ಗುಜರಿಯಿಂದ ಹಿಟ್ಟಿನ ಗಿರಣಿಯ ಹಳೆ ಚಕ್ರ ತಂದು, ಮೂರು ತಿಂಗಳು ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಪ್ಲಗ್ ಕಿತ್ತ ಕೂಡಲೇ ಶಬ್ದ ಇಳಿಯುತ್ತಾ ಬಂದು ನಿಂತು ಹೋಗುತ್ತಿತ್ತು. ಬೇರಿಂಗ್ ಬದಲಾಯಿಸಿದೆ, ಬೆಲ್ಟ್ ಬದಲಾಯಿಸಿದೆ, ಚಕ್ರಕ್ಕೆ ಇನ್ನೂ ಭಾರ ಹಾಕಿದೆ. ಭಾರ ಹಾಕಿದರೆ ನಿಲ್ಲೋಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತಿತ್ತು, ಅಷ್ಟೇ.

ಲೆಕ್ಕ ನೋಡು. ಸಣ್ಣ ಮೋಟರ್‌ಗೆ 100 ವ್ಯಾಟ್ ಕೊಟ್ಟರೆ ಶಾಫ್ಟಿನಲ್ಲಿ ಸಿಗೋದು 80, 85. ಉಳಿದದ್ದು ಕಾಯಿಲ್ ಬಿಸಿ, ಕಬ್ಬಿಣ ಬಿಸಿ, ಗಾಳಿ. ಬೆಲ್ಟಿನಲ್ಲಿ ಇನ್ನೊಂದು ಐದು ಹೋಗುತ್ತದೆ. ಆಲ್ಟರ್ನೇಟರ್‌ನಲ್ಲಿ ಮತ್ತೆ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು. ಕೊನೆಗೆ ಕೈಗೆ ಬರೋದು 65 ವ್ಯಾಟ್. ಆ 65ನ್ನು ಮತ್ತೆ ಮೋಟರ್‌ಗೇ ಕೊಟ್ಟರೆ ಮುಂದಿನ ಸುತ್ತಿಗೆ 42. ಪಂಪಿಗೆ ಉಳಿಯೋದು ಎಲ್ಲಿಂದ?

ಇನ್ನು ಫ್ಲೈವೀಲ್. ಅದು ಶಕ್ತಿ ಹುಟ್ಟಿಸಲ್ಲ, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ. 100 ಕೆಜಿ ತೂಕದ, ನಡುವಿನಿಂದ ಅಂಚಿಗೆ 30 ಸೆಂಟಿಮೀಟರ್ ಇರುವ ಗಟ್ಟಿ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಅಂತಿಟ್ಟುಕೋ. ಅದರೊಳಗೆ ಇರೋದು ಸುಮಾರು 55 ಕಿಲೋಜೂಲ್. ಯೂನಿಟ್ಟಿನ ಲೆಕ್ಕದಲ್ಲಿ 0.015 ಯೂನಿಟ್. ಒಂದು ಚೂರೂ ಪೋಲಾಗದೆ ಕೊಟ್ಟರೂ 5 ಎಚ್‌ಪಿ ಪಂಪ್ ಓಡೋದು 15 ಸೆಕೆಂಡ್. ನೋಡೋಕೆ ಭಾರಿ ಚಕ್ರ, ತಿರುಗುವಾಗ ನೆಲ ನಡುಗುತ್ತದೆ, ಅದಕ್ಕೇ ಜನ ನಂಬುತ್ತಾರೆ. ನಾನೂ ನಂಬಿದ್ದೆ.

ಹೊಸದಾರಿ

ಎಲ್ಲರೂ ಹೀಗೇ ಪುಸ್ತಕದ ಲೆಕ್ಕ ಹೇಳುತ್ತೀರಿ. ನನ್ನ ಮಾತನ್ನೂ ಸ್ವಲ್ಪ ಕೇಳಿ.

ಪರಮಹಂಸ ತಿವಾರಿ ಅವರ ಹೆಸರು ಕೇಳಿದ್ದೀರಾ? ನಮ್ಮ ಕೈಗಾ ಅಣು ವಿದ್ಯುತ್ ಯೋಜನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಎಂಜಿನಿಯರ್. ಬೀದಿಬದಿಯ ವ್ಯಾಪಾರಿ ಅಲ್ಲ. ಖಾಲಿ ಜಾಗದಲ್ಲೇ ಶಕ್ತಿ ಇದೆ ಅಂತ ಸ್ವಂತ ಸಿದ್ಧಾಂತ ಬರೆದರು. ಕೊಟ್ಟದ್ದಕ್ಕಿಂತ ಜಾಸ್ತಿ ಕೊಡುವ ಜನರೇಟರ್ ಮಾಡಿದ್ದೇನೆ ಅಂದರು. 2017ರಲ್ಲಿ ತೀರಿಕೊಂಡರು. ಅಂಥವರಿಗೆ ಬೇಸಿಕ್ ಫಿಸಿಕ್ಸ್ ಗೊತ್ತಿರಲಿಲ್ಲವಾ?

ವಿಜ್ಞಾನಿಗಳು ಹೊಸದನ್ನು ಯಾವಾಗ ಒಪ್ಪಿದ್ದಾರೆ? ನಮ್ಮ ಚಂದ್ರಶೇಖರ್ ಅವರು ನಕ್ಷತ್ರದ ವಿಷಯ ಹೇಳಿದಾಗ 1935ರಲ್ಲಿ ಆಗಿನ ದೊಡ್ಡ ಖಗೋಳ ವಿಜ್ಞಾನಿ ಎಡಿಂಗ್ಟನ್ ಎಲ್ಲರೆದುರು ನಕ್ಕುಬಿಟ್ಟರು. ನೊಬೆಲ್ ಬಂದದ್ದು 1983ರಲ್ಲಿ. ಖಂಡಗಳು ಸರಿಯುತ್ತವೆ ಅಂದ ವೆಗೆನರ್ ಅವರನ್ನೂ ಯಾರೂ ನಂಬಲಿಲ್ಲ. ನೂರು ವರ್ಷದ ಹಿಂದೆ ಬರೆದ ನಿಯಮವೇ ಕೊನೆ ಮಾತು ಅನ್ನೋದು ವಿಜ್ಞಾನ ಅಲ್ಲ.

ಶರಾವತಿತೀರ

ಹೊಸದಾರಿ ಅವರೇ, ನಾನು ಜಲವಿದ್ಯುತ್ ಕೇಂದ್ರದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಕೊನೆಯ ಸಾಲನ್ನು ನಾನೂ ಒಪ್ಪುತ್ತೇನೆ. ಆದರೆ ಕೈಗಾ ಹೆಸರು ಬಂದದ್ದಕ್ಕೆ ಒಂದು ಮಾತು.

ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಲ್ಲಿ ಶುರುವಾಗಿ 2018ರ ಡಿಸೆಂಬರ್ 31ರವರೆಗೆ ಒಂದೇ ಸಮ 962 ದಿನ ಓಡಿತು. ಆಗ ಅದು ವಿಶ್ವ ದಾಖಲೆ. 220 ಮೆಗಾವ್ಯಾಟಿನ ಘಟಕ. ಅದನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಾಗಿರಲಿಲ್ಲ. ಪ್ರತಿ ಯೂನಿಟ್ಟೂ ಗ್ರಿಡ್‌ಗೆ ಹೋಗುವಾಗ ಮೀಟರ್ ದಾಟಿ ಹೋಗಿದೆ. ತಿವಾರಿ ಅವರ ಅನುಭವಕ್ಕೆ ನನ್ನ ಗೌರವ ಇದೆ. ಆದರೆ ಅವರ ಹುದ್ದೆ ಅವರ ಜನರೇಟರ್‌ಗೆ ಸಾಕ್ಷಿ ಆಗಲ್ಲ. ಆ ಜನರೇಟರ್ ಊರೊಂದಕ್ಕೆ ಕರೆಂಟ್ ಕೊಟ್ಟದ್ದನ್ನು ನಾವ್ಯಾರೂ ನೋಡಿಲ್ಲ. ಅವರನ್ನು ಬಿಟ್ಟು ಬೇರೆಯವರು, ಬೇರೆ ಕಡೆ, ಸ್ವಂತ ಮೀಟರ್ ಹಾಕಿ ಅಳೆದು ಅದೇ ಫಲ ಪಡೆದರಾ ಅನ್ನೋದಷ್ಟೇ ಪ್ರಶ್ನೆ.

ನಮ್ಮ ಕಡೆ ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಗಲಾಟೆ ನಡೆಯುತ್ತಿದೆಯಲ್ಲ, 2000 ಮೆಗಾವ್ಯಾಟಿನದು. ಅದು ಬೇಕೋ ಬೇಡವೋ, ಕಾಡಿಗೆ ಎಷ್ಟು ನಷ್ಟ, ಅದು ಬೇರೆ ಚರ್ಚೆ. ಆದರೆ ಅದರ ಲೆಕ್ಕ ನೋಡಿ. ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರು ಎತ್ತಬೇಕು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯಬೇಕು. ಇಂಥ ಯೋಜನೆಗಳಲ್ಲಿ ಎತ್ತಲು 100 ಯೂನಿಟ್ ಸುಟ್ಟರೆ ವಾಪಸ್ ಬರೋದು 75, 80. ಇದು ಗೊತ್ತಿದ್ದೇ ಕಟ್ಟುತ್ತಾರೆ, ಯಾಕೆಂದರೆ ಬೇಡದ ಹೊತ್ತಿನ ಕರೆಂಟನ್ನು ಬೇಕಾದ ಹೊತ್ತಿಗೆ ಎತ್ತಿಡಬೇಕು. 1 ಹಾಕಿ 5 ತೆಗೆಯುವ ದಾರಿ ಇದ್ದಿದ್ದರೆ ಸಾವಿರಾರು ಕೋಟಿ ಸುರಿದು ಇಪ್ಪತ್ತು ಯೂನಿಟ್ ಕಳೆದುಕೊಳ್ಳಲು ಯಾರಾದರೂ ಬೆಟ್ಟ ಕೊರೆಯುತ್ತಿದ್ದರಾ?

ಬಯಲುಸೀಮೆ

ನಮ್ಮ ಭಾಸ್ಕರಾಚಾರ್ಯರೇ 12ನೇ ಶತಮಾನದಲ್ಲಿ ತಾನಾಗಿ ತಿರುಗುವ ಚಕ್ರ ಬರೆದಿದ್ದಾರೆ ಅಂತ ಓದಿದ್ದೆ. ಅದು ಸುಳ್ಳಾ?

ಹೈಸ್ಕೂಲ್‌ಮೇಷ್ಟ್ರು

ಸುಳ್ಳಲ್ಲ. ಅವರು 'ಸಿದ್ಧಾಂತ ಶಿರೋಮಣಿ' ಬರೆದದ್ದು 1150ರಲ್ಲಿ. ಅದರ ಯಂತ್ರಗಳ ಭಾಗದಲ್ಲಿ ಒಂದು ಚಕ್ರ ಬರುತ್ತದೆ. ಟೊಳ್ಳು ಕಡ್ಡಿಗಳು (ಸ್ಪೋಕ್), ಒಳಗೆ ಅರ್ಧ ಪಾದರಸ. ಪಾದರಸ ಒಂದು ಕಡೆ ಅಂಚಿಗೂ ಇನ್ನೊಂದು ಕಡೆ ನಡುವಿಗೂ ಸರಿಯುವುದರಿಂದ ಚಕ್ರ ತಿರುಗುತ್ತಲೇ ಇರುತ್ತದೆ ಅನ್ನೋದು ವಿಚಾರ. ಇದೇ ಆಸೆಯಿಂದ ಯುರೋಪಿನಲ್ಲೂ ನೂರಾರು ವರ್ಷ ಜನ ಚಕ್ರ ಕಟ್ಟಿದರು. 1775ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ, ಇನ್ನು ಇಂಥ ಯಂತ್ರಗಳನ್ನು ಪರೀಕ್ಷೆಗೇ ತಗೊಳ್ಳಲ್ಲ ಅಂತ ತೀರ್ಮಾನ ಮಾಡಿತು.

ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಇದನ್ನು ಕಟ್ಟಿದೆ. ಹಳೆ ಸೈಕಲ್ ರಿಮ್ಮು, ಎಂಟು ಸಣ್ಣ ಪ್ಲಾಸ್ಟಿಕ್ ಬಾಟಲಿ, ಪಾದರಸದ ಬದಲು ಬಣ್ಣದ ನೀರು, ಪ್ರತಿಯೊಂದರಲ್ಲೂ ಅರ್ಧ. ಮೊದಲು ಬಾಟಲಿಗಳಲ್ಲಿ ನೀರಿನಷ್ಟೇ ತೂಕದ ಮರಳು ಬಿಗಿಯಾಗಿ ತುಂಬಿ ತಿರುಗಿಸಿದೆವು. ಒಂದು ನಿಮಿಷ ಹತ್ತು ಸೆಕೆಂಡ್ ತಿರುಗಿತು. ಆಮೇಲೆ ನೀರು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ನೋಡುತ್ತಿತ್ತು. ನೀರು ಆ ಕಡೆಯಿಂದ ಈ ಕಡೆಗೆ ಗುಳುಗುಳು ಹರಿಯಿತು. 26 ಸೆಕೆಂಡಿಗೆ ನಿಂತಿತು.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಸರ್, ನೀರು ಕುಲುಕೋದರಲ್ಲೇ ಶಕ್ತಿ ಖರ್ಚಾಯ್ತು ಅಲ್ವಾ?" ಅಂದಳು. ನಾನು ಹೇಳಿಕೊಡಬೇಕಾಗಿದ್ದ ಪಾಠವನ್ನು ಅವಳೇ ಹೇಳಿ ಮುಗಿಸಿದಳು. ಅಂಚಿಗೆ ಸರಿದ ಕಡೆ ಬಾಟಲಿಗಳು ಕಡಿಮೆ, ನಡುವಿನ ಹತ್ತಿರ ಸರಿದ ಕಡೆ ಜಾಸ್ತಿ, ಎರಡೂ ಸಮ ಆಗುತ್ತದೆ ಅನ್ನೋದನ್ನು ಆಮೇಲೆ ಬೋರ್ಡಿನ ಮೇಲೆ ಎಣಿಸಿ ನೋಡಿದೆವು.

ಭಾಸ್ಕರಾಚಾರ್ಯರು ದೊಡ್ಡವರು. ಅವರ ಗಣಿತವನ್ನು ನಾನು ಪ್ರತಿ ವರ್ಷ ಖುಷಿಯಿಂದ ಪಾಠ ಮಾಡುತ್ತೇನೆ. ಈ ಚಕ್ರ ಮಾತ್ರ ತಿರುಗಲ್ಲ.

ಹೊರನಾಡಿಗ

ನಾನು ಜರ್ಮನಿಯಲ್ಲಿ ಒಂದು ಮೆಟೀರಿಯಲ್ಸ್ ಲ್ಯಾಬಿನಲ್ಲಿದ್ದೇನೆ. ಊರು ಹಾಸನ. 'ವಿಜ್ಞಾನಿಗಳು ಹೊಸದನ್ನು ಒಪ್ಪಲ್ಲ' ಅನ್ನುವ ಮಾತಿಗೆ ಉತ್ತರ ಕೊಡಲೇಬೇಕು ಅನ್ನಿಸಿತು.

1986ರಲ್ಲಿ ಜ್ಯೂರಿಕ್ ಹತ್ತಿರದ ಐಬಿಎಂ ಲ್ಯಾಬಿನಲ್ಲಿ ಬೆಡ್‌ನೋರ್ಟ್ಸ್ ಮತ್ತು ಮ್ಯುಲ್ಲರ್ ಅಂತ ಇಬ್ಬರು, ಒಂದು ಥರದ ಪಿಂಗಾಣಿ ವಸ್ತು ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಸ್ವಲ್ಪವೂ ತಡೆಯಿಲ್ಲದೆ ಕರೆಂಟ್ ಹರಿಯಲು ಬಿಡುತ್ತದೆ ಅಂದರು. ಪಿಂಗಾಣಿಯಲ್ಲಿ, ಅದೂ ಅಲ್ಲಿಯವರೆಗೆ ಕಂಡದ್ದಕ್ಕಿಂತ ಹೆಚ್ಚಿನ ತಾಪಮಾನದಲ್ಲಿ ಹಾಗಾಗಬಹುದು ಅಂತ ಹೆಚ್ಚಿನವರು ಅಂದುಕೊಂಡೇ ಇರಲಿಲ್ಲ. ಏನಾಯಿತು? ಪುಡಿ ಕಲಸಿ ಒಲೆಯಲ್ಲಿ ಸುಟ್ಟರೆ ಯಾರು ಬೇಕಾದರೂ ಮಾಡಬಹುದಿತ್ತು. ಕೆಲವೇ ತಿಂಗಳಲ್ಲಿ ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಆಯಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ 1987ರಲ್ಲೇ ಅಂಥ ವಸ್ತು ತಯಾರಿಸಿತು. ಅದೇ ವರ್ಷ ಆ ಇಬ್ಬರಿಗೂ ನೊಬೆಲ್.

ಈಗ ಇನ್ನೊಂದು. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಪತ್ರಿಕಾಗೋಷ್ಠಿ ಕರೆದರು. ಭಾರಜಲದ ಗಾಜಿನ ಪಾತ್ರೆಯಲ್ಲಿ ಪಲ್ಲೇಡಿಯಂ ಕಡ್ಡಿ ಇಟ್ಟು ಕರೆಂಟ್ ಹರಿಸಿದರೆ ಸೂರ್ಯನ ಒಳಗೆ ನಡೆಯುವ ಸಮ್ಮಿಲನ, ಅಂದರೆ ಪರಮಾಣುಗಳು ಕೂಡಿ ಶಕ್ತಿ ಬಿಡುವ ಕ್ರಿಯೆ, ಮೇಜಿನ ಮೇಲೇ ನಡೆಯುತ್ತದೆ ಅಂದರು. ಇಬ್ಬರೂ ಹೆಸರಾಂತ ರಸಾಯನ ವಿಜ್ಞಾನಿಗಳು. ಯಾರೂ ಬಾಗಿಲು ಹಾಕಲಿಲ್ಲ. ಪ್ರಪಂಚದ ತುಂಬ ಲ್ಯಾಬುಗಳು ಬೇರೆ ಕೆಲಸ ಬಿಟ್ಟು ಇದನ್ನೇ ಮಾಡಿದವು. ನಮ್ಮ ಟ್ರಾಂಬೆಯ ಬಾರ್ಕ್‌ನಲ್ಲೂ (ಭಾಭಾ ಅಣು ಸಂಶೋಧನಾ ಕೇಂದ್ರ) ಹಲವು ತಂಡಗಳು ಮಾಡಿ, ಸಮ್ಮಿಲನದ ಗುರುತಾದ ನ್ಯೂಟ್ರಾನ್ ಮತ್ತು ಟ್ರಿಶಿಯಂ ಕಂಡಿತು ಅಂತ ವರದಿ ಕೊಟ್ಟವು. ಆದರೆ ಒಂದು ಕಡೆ ಕಂಡದ್ದು ಇನ್ನೊಂದು ಕಡೆ ಕಾಣಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಇಂಧನ ಇಲಾಖೆಯ ಸಮಿತಿ, ಒಪ್ಪುವಂಥ ಸಾಕ್ಷಿ ಇಲ್ಲ ಅಂದಿತು. 2004ರಲ್ಲಿ ಮತ್ತೊಮ್ಮೆ ಕೂತು ನೋಡಿದರು. ಆಮೇಲೆ ಗೂಗಲ್ ಹಣ ಹಾಕಿ ಹೊಸ ಉಪಕರಣಗಳಲ್ಲಿ ವರ್ಷಗಟ್ಟಲೆ ಹುಡುಕಿಸಿತು. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವರದಿ: ಸಿಗಲಿಲ್ಲ.

ಮೂವತ್ತು ವರ್ಷದಲ್ಲಿ ಮೂರು ಸಲ ಬಾಗಿಲು ತೆಗೆದು ನೋಡಿದ್ದಾರೆ ಅಣ್ಣ. ಇದಕ್ಕಿಂತ ಜಾಸ್ತಿ ಅವಕಾಶ ಇನ್ಯಾವ ಥರ ಕೊಡೋದು?

ಚಂದ್ರಶೇಖರ್ ವಿಷಯದಲ್ಲಿ ನೀವು ಹೇಳಿದ್ದು ನಿಜ, ಅವರಿಗೆ ಅನ್ಯಾಯ ಆಯಿತು. ಆದರೆ ಅವರು ಗೆದ್ದದ್ದು ಲೆಕ್ಕದಿಂದ. ಆ ಲೆಕ್ಕ ಕಾಗದದ ಮೇಲಿತ್ತು, ಬೇಕಾದವರು ತಪಾಸಣೆ ಮಾಡಬಹುದಿತ್ತು. ಅವರು ಯಾವ ಡಬ್ಬಕ್ಕೂ ಬೀಗ ಹಾಕಿರಲಿಲ್ಲ.

ಕೋರ್ಟ್‌ರಸ್ತೆ

ಒಂದು ಕಾನೂನಿನ ವಿಷಯ. ಇಂಥವರು 'ಪೇಟೆಂಟ್ ಆಗಿದೆ' ಅಂತ ಒಂದು ನಂಬರ್ ತೋರಿಸುತ್ತಾರೆ. ಹೆಚ್ಚಾಗಿ ಅದು ಅರ್ಜಿಯ ನಂಬರ್. ಅರ್ಜಿ ಯಾರು ಬೇಕಾದರೂ ಹಾಕಬಹುದು, ಪ್ರಕಟವೂ ಆಗುತ್ತದೆ. ಮಂಜೂರಾಗೋದು ಬೇರೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನಿನ (ಎ) ಭಾಗದಲ್ಲೇ ಇದೆ, ಸ್ಥಾಪಿತ ಪ್ರಕೃತಿ ನಿಯಮಗಳಿಗೆ ಎದ್ದು ಕಾಣುವಂತೆ ವಿರುದ್ಧವಾದದ್ದು ಆವಿಷ್ಕಾರವೇ ಅಲ್ಲ ಅಂತ. ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಇದೆಯಾ? ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಗಡಿಊರು

ತಮಿಳುನಾಡಿನ ರಾಮರ್ ಪಿಳ್ಳೈ ನೆನಪಿದೆಯಾ? 1996ರಲ್ಲಿ ನೀರಿಗೆ ಗಿಡಮೂಲಿಕೆ ಹಾಕಿ ಕುದಿಸಿ ಪೆಟ್ರೋಲ್ ಮಾಡುತ್ತೇನೆ ಅಂದು ದೇಶವನ್ನೇ ಕುಣಿಸಿದ್ದರು. ನಮ್ಮ ಬೀದಿಯಲ್ಲೂ ಅದೇ ಮಾತು. ನಮ್ಮಪ್ಪ ಪೇಪರ್ ಕಟಿಂಗ್ ಇಟ್ಟುಕೊಂಡಿದ್ದರು. ಕೊನೆಗೆ ಸಿಬಿಐ ಹೇಳಿದ್ದು, ಮಾರಿದ್ದೆಲ್ಲ ಟಾಲ್ವೀನ್, ನಾಫ್ತಾ ಥರದ ಪೆಟ್ರೋಲಿಯಂ ಪದಾರ್ಥಗಳ ಮಿಶ್ರಣ ಅಂತ. 2016ರಲ್ಲಿ ಚೆನ್ನೈ ಕೋರ್ಟ್ ಮೂರು ವರ್ಷ ಶಿಕ್ಷೆ ಕೊಟ್ಟಿತು. ಇಪ್ಪತ್ತು ವರ್ಷ ಹಿಡಿಯಿತು.

ಹೊಸದಾರಿ

ಮೋಸಗಾರರ ಉದಾಹರಣೆ ಕೊಟ್ಟು ಎಲ್ಲರನ್ನೂ ಅದೇ ಸಾಲಿಗೆ ಸೇರಿಸಬೇಡಿ. ತಿವಾರಿ ಅವರು ಯಾರ ಹತ್ತಿರವೂ ಅಡ್ವಾನ್ಸ್ ಕೇಳಲು ತರೀಕೆರೆಗೆ ಬಂದಿರಲಿಲ್ಲ.

ಶರಾವತಿತೀರ

ಈ ಮಾತು ಸರಿ. ಮನಸಾರೆ ನಂಬಿ ತಪ್ಪಿದವರು ಬೇರೆ, ಗೊತ್ತಿದ್ದೂ ಮಾರುವವರು ಬೇರೆ. ಅಳೆಯುವಾಗ ಮಾತ್ರ ಇಬ್ಬರಿಗೂ ಮೀಟರ್ ಒಂದೇ.

ವೈಂಡಿಂಗ್‌ಅಂಗಡಿ

ತಮ್ಮಾ, ಭಾನುವಾರಕ್ಕೆ ಸಿದ್ಧ ಮಾಡಿಕೋ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಂಗಲ್ ಫೇಸ್ ಸಬ್ ಮೀಟರ್ ಎರಡು ತಗೋ, ಬಾಡಿಗೆ ಮನೆಗೆ ಹಾಕುತ್ತಾರಲ್ಲ ಅಂಥದ್ದು. ಒಂದು ಒಳಗೆ ಹೋಗೋ ಕರೆಂಟಿಗೆ, ಒಂದು ಹೊರಗೆ ಬರೋದಕ್ಕೆ. ಅವರು ಕ್ಲ್ಯಾಂಪ್ ಮೀಟರ್ ಹಿಡಿದು ವೋಲ್ಟು, ಆಂಪ್ಸು ಗುಣಿಸಿ ತೋರಿಸುತ್ತಾರೆ, ಒಪ್ಪಬೇಡ. ಮೋಟರ್ ಲೋಡ್ ಇದ್ದಾಗ ಆ ಗುಣಾಕಾರ ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್, ಅಂದರೆ ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು, ಲೆಕ್ಕದಿಂದ ಬಿಟ್ಟು ಹೋಗುತ್ತದೆ, ಎಷ್ಟು ಬೇಕಾದರೂ ಜಾಸ್ತಿ ತೋರಿಸಬಹುದು.

ಬಲ್ಬಿನ ಮೇಲೆ ಬರೆದಿರೋ ವ್ಯಾಟನ್ನೂ ನಂಬಬೇಡ. ವೋಲ್ಟೇಜ್ ಇಳಿದರೆ 200ರ ಬಲ್ಬು ನೂರೂ ಎಳೆಯಲ್ಲ, ಆದರೂ ಉರಿಯುತ್ತದೆ.

ಮುಖ್ಯವಾದದ್ದು ಇನ್ನೊಂದು. ಬೇಗ ಎದ್ದು ಬರಬೇಡ. 150 ಎಎಚ್ ಬ್ಯಾಟರಿ ಒಂದರಲ್ಲಿ 1.8 ಯೂನಿಟ್ ಇರುತ್ತದೆ. ಬಚ್ಚಿಟ್ಟರೆ ಅರ್ಧ ಗಂಟೆ ಡೆಮೊಗೆ ಅದು ಧಾರಾಳ ಸಾಕು. ಅಲ್ಲೇ ಕೂತಿರು. ಚಿಕ್ಕಪ್ಪನನ್ನೂ ಕೂರಿಸಿಕೋ.

ತೋಟದಹುಡುಗ

ಹೋಗಿ ಬಂದೆವು. ಎಲ್ಲ ವಿವರವಾಗಿ ಬರೆಯುತ್ತೇನೆ.

ಊರ ಹೊರಗೆ ಒಂದು ತಗಡಿನ ಶೆಡ್. ಮೆಷಿನ್ ಚೆನ್ನಾಗಿಯೇ ಕಟ್ಟಿದ್ದಾರೆ, ಪೇಂಟ್ ಹೊಡೆದಿದ್ದಾರೆ. ಪಕ್ಕದಲ್ಲಿ ಬೀಗ ಹಾಕಿದ ಒಂದು ಕಬ್ಬಿಣದ ಡಬ್ಬ. ಅದು 'ಸ್ಟೆಬಿಲೈಸರ್' ಅಂತೆ. ಒಳಗೆ ಹೋಗೋ ಕಡೆ ಮೀಟರ್ ಹಾಕುತ್ತೇನೆ ಅಂದೆ. ಆಗಲ್ಲ, ಕಂಪನಿ ಗುಟ್ಟು ಅಂದರು. ಹೊರಗಿನ ಕಡೆ ಹಾಕಲು ಬಿಟ್ಟರು. ಪಂಪ್ ಓಡಿಸಿ ತೋರಿಸಲಿಲ್ಲ, 200 ವ್ಯಾಟಿನ ಆರು ಬಲ್ಬು ಹಚ್ಚಿದರು. "ನೋಡಿ, 1200 ವ್ಯಾಟ್, ಪ್ಲಗ್ ಇಲ್ಲ" ಅಂತ ವೈರನ್ನು ಕೈಯಲ್ಲಿ ಎತ್ತಿ ಹಿಡಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿ ನೋಡಿದರು. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ನಂಬಿಬಿಡಬೇಕು ಅನ್ನಿಸಿತು.

ಮೀಟರ್ ಮೇಲೆ 1600 ಮಿಣುಕಿಗೆ ಒಂದು ಯೂನಿಟ್ ಅಂತ ಬರೆದಿತ್ತು. ಕೆಂಪು ದೀಪ ಮಿಣುಕುವುದನ್ನು ಮೊಬೈಲಿನಲ್ಲಿ ಟೈಮ್ ಇಟ್ಟು ಎಣಿಸಿದೆ. ನಿಮಿಷಕ್ಕೆ 14. ಮೂರು ಸಲ ಎಣಿಸಿದೆ, ಮೂರು ಸಲವೂ 14. ಲೆಕ್ಕ ಹಾಕಿದರೆ 525 ವ್ಯಾಟ್. ವೋಲ್ಟೇಜ್ 138 ಇತ್ತು.

ಆಮೇಲೆ ಕೂತೆವು. ಅವರು ಟೀ ತರಿಸಿದರು. ಮುಕ್ಕಾಲು ಗಂಟೆ ಆದ ಮೇಲೆ "ಇನ್ನು ಆಫ್ ಮಾಡೋಣವಾ, ಆಲ್ಟರ್ನೇಟರ್ ಬಿಸಿಯಾಗುತ್ತೆ" ಅಂದರು. ಚಿಕ್ಕಪ್ಪನೇ ಹೇಳಿದರು, "ನನ್ನ ತೋಟದಲ್ಲಿ ಆರು ಗಂಟೆ ಓಡಬೇಕಲ್ಲ ಸ್ವಾಮಿ, ಇರಲಿ ಬಿಡಿ."

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಡಬ್ಬದ ಒಳಗಿಂದ ಸಣ್ಣಗೆ ಒಂದು ಶಬ್ದ ಬಂತು. ಕೀಂ, ಕೀಂ ಅಂತ, ಬಿಟ್ಟು ಬಿಟ್ಟು. ನನಗೆ ಏನೂ ಗೊತ್ತಾಗಲಿಲ್ಲ. ಚಿಕ್ಕಪ್ಪ ಟೀ ಲೋಟ ಕೆಳಗಿಟ್ಟರು. "ನಮ್ಮನೆ ಯುಪಿಎಸ್ ಬ್ಯಾಟರಿ ಇಳಿದಾಗ ಹಿಂಗೇ ಕೂಗುತ್ತೆ" ಅಂದರು.

ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಅವರು ಸ್ವಿಚ್ ಆಫ್ ಮಾಡಿದರು. ಬಲ್ಬುಗಳು ಕೆಂಪಾಗಿ ಆರಿದವು. ಚಕ್ರ ನಿಲ್ಲೋಕೆ ಒಂದು ನಿಮಿಷವೂ ಬೇಕಾಗಲಿಲ್ಲ.

ವೈಂಡಿಂಗ್‌ಅಂಗಡಿ

ಲೆಕ್ಕ ಸರಿಯಾಗಿ ಕೂರುತ್ತದೆ. ಬಲ್ಬಿಗೆ 525 ಬರಬೇಕಾದರೆ ಮೋಟರ್ ಸುಮಾರು 830 ಎಳೆಯಬೇಕು. ಇನ್ವರ್ಟರ್‌ನಲ್ಲಿ ಪೋಲಾಗುವುದೂ ಸೇರಿ ಬ್ಯಾಟರಿಯಿಂದ ಹತ್ತಿರ ಹತ್ತಿರ 1000. ಅಷ್ಟು ಜೋರಾಗಿ ಎಳೆದರೆ 150ರ ಬ್ಯಾಟರಿ ಪೂರ್ತಿ ಕೊಡಲ್ಲ, ಒಂದೂಕಾಲು ಗಂಟೆ, ಒಂದೂವರೆ ಗಂಟೆ ಬರುತ್ತದೆ. ಅಲ್ಲಿದ್ದದ್ದು ಒಂದೇ ಬ್ಯಾಟರಿ. ನಿಮ್ಮ ಚಿಕ್ಕಪ್ಪನ ಕಿವಿಗೆ ನನ್ನ ನಮಸ್ಕಾರ ಹೇಳು.

ಹೊಸದಾರಿ

ನೀವು ಅಳೆದು ನೋಡಿದ್ದೀರಿ, ಒಪ್ಪುತ್ತೇನೆ. ಈ ಮೆಷಿನ್ ಮೋಸ. ಖಾಲಿ ಜಾಗದ ಶಕ್ತಿಯ ವಿಚಾರ ನಾನು ಬಿಟ್ಟಿಲ್ಲ. ಆದರೆ ಯಾರಾದರೂ ತೋರಿಸಲು ಬಂದರೆ ಎರಡೂ ಕಡೆ ಮೀಟರ್ ಹಾಕಿ ಅಂತ ನಾನೂ ಕೇಳುತ್ತೇನೆ.

ಹೈಸ್ಕೂಲ್‌ಮೇಷ್ಟ್ರು

ಹೊಸದಾರಿ ಅವರೇ, ಇಷ್ಟು ಸಾಕು. ನಾನು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದುವಾಗ ಎಚ್. ನರಸಿಂಹಯ್ಯನವರನ್ನು ಹತ್ತಿರದಿಂದ ನೋಡಿದ್ದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದವರು. ಆ ಕಾಲದಲ್ಲಿ ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಈಗ ಹೇಳಿದರೆ ಗೊತ್ತಾಗಲ್ಲ. ತೋಟದಹುಡುಗನ ಬರಹವನ್ನು ನಾಳೆ ಕ್ಲಾಸಿನಲ್ಲಿ ಓದುತ್ತೇನೆ. ಆ ಹಿಂದಿನ ಬೆಂಚಿನ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ, ಅವಳಿಗೂ ಕಳಿಸುತ್ತೇನೆ.

ತೋಟದಹುಡುಗ

ಅಡ್ವಾನ್ಸ್ ವಾಪಸ್ ಕೇಳಿದ್ದೇವೆ. "ಮುಂದಿನ ವಾರ ಬನ್ನಿ" ಅಂದಿದ್ದಾರೆ. ರಸೀದಿ ಇದೆ, ಕೋರ್ಟ್‌ರಸ್ತೆ ಅವರಿಗೆ ಮೆಸೇಜ್ ಮಾಡಿದ್ದೇನೆ.

ಬರುವ ದಾರಿಯಲ್ಲಿ ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, "ಆ ಹನ್ನೊಂದು ದಿನ ನೀರು ಬಂದಿದ್ದರೆ ನಾನು ಅವನ ಮಾತೇ ಕೇಳುತ್ತಿರಲಿಲ್ಲ ಕಣೋ" ಅಂದರು. ಅದು ನನಗೆ ತುಂಬ ತಟ್ಟಿತು. ಈಗ ಕುಸುಮ್ ಯೋಜನೆಯ ಸೋಲಾರ್ ಪಂಪಿಗೆ ಅರ್ಜಿ ಹಾಕೋಣ ಅಂತಿದ್ದೇವೆ. ಹಗಲು ಹೊತ್ತು ನೀರು ಬಂದರೆ ಸಾಕು ಅನ್ನುತ್ತಾರೆ ಚಿಕ್ಕಪ್ಪ. ಯಾರಾದರೂ ಹಾಕಿಸಿಕೊಂಡವರಿದ್ದರೆ ಮೋಡದ ದಿನ ಹೇಗೆ ಓಡುತ್ತದೆ, ರಿಪೇರಿಗೆ ಎಷ್ಟು ದಿನದಲ್ಲಿ ಬರುತ್ತಾರೆ ಹೇಳಿ.

ಬಯಲುಸೀಮೆ

ನಾವು ಹಾಕಿಸಿ ಎರಡು ವರ್ಷ ಆಯಿತು. ಬಿಸಿಲಿದ್ದರೆ ಬೆಳಿಗ್ಗೆ ಎಂಟೂವರೆಗೆ ನೀರು ಶುರು, ಸಂಜೆ ನಾಲ್ಕೂವರೆಗೆ ಸಣ್ಣಗಾಗುತ್ತದೆ. ಮೋಡ ಇದ್ದ ದಿನ ಧಾರೆ ಅರ್ಧ. ಜೋರು ಮಳೆಗಾಲದಲ್ಲಿ ಬರಲ್ಲ, ಆಗ ನಮಗೆ ಬೇಕಾಗಿಯೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ ಮೇಲಿನ ಧೂಳು ಒರೆಸಿ. ಚಿಕ್ಕಪ್ಪನನ್ನು ಒಂದು ಮಧ್ಯಾಹ್ನ ಕರೆದುಕೊಂಡು ಬನ್ನಿ, ಓಡುವುದನ್ನು ಎಷ್ಟು ಹೊತ್ತು ಬೇಕಾದರೂ ಕೂತು ನೋಡಲಿ. ಊಟ ನಮ್ಮಲ್ಲೇ.